ಹಗರಿಬೊಮ್ಮನಹಳ್ಳಿ ಹಿಡಿಸುವಷ್ಟು ಜಾಗ

ನಮ್ಮ ಕಡೆ ‘ಲೇಔಟ್’ ಅಂದ್ರೆ ಸೈಟು. ಕೊಟ್ಟೂರು ದಾಟಿ ಕೂಡ್ಲಿಗಿ ಕಡೆ ಹೊರಟರೆ, ಮೊನ್ನೆ ಮೊನ್ನೆವರೆಗೆ ಶೇಂಗಾ ಇದ್ದ ಹೊಲದಲ್ಲಿ ಕಲ್ಲು ನೆಟ್ಟು, ಬಣ್ಣದ ಬಾವುಟ ಕಟ್ಟಿ, ರಸ್ತೆಗೆ ಮುಖ ಮಾಡಿ ಒಂದು ಕಮಾನು ನಿಲ್ಲಿಸಿರ್ತಾರಲ್ಲ, ಅದು ಲೇಔಟ್. ಹಾಗಾಗಿ ‘ಬೆಂಗಳೂರಲ್ಲಿ ಮೊಬೈಲ್ ಆ್ಯಪ್‌ಗಳ ಲೇಔಟ್ ಮಾಡ್ತೀನಿ’ ಅಂತ ನೆಂಟರ ಮದುವೆಯಲ್ಲಿ ಹೇಳಿದರೆ ಮೊದಲ ಅರ್ಧ ವಾಕ್ಯ ಯಾರ ಕಿವಿಗೂ ಬೀಳಲ್ಲ. ‘ಸ್ಕ್ವೇರ್ ಫೂಟಿಗೆ ಎಷ್ಟು ನಡದೈತಪಾ?’ ಅಂತ ಒಬ್ಬರು. ‘ನಮಗೂ ಒಂದು ಥರ್ಟಿ-ಫಾರ್ಟಿ ಹಿಡಿದಿಡು’ ಅಂತ ಇನ್ನೊಬ್ಬರು. ಮೊದಮೊದಲು ತಿದ್ದುತ್ತಿದ್ದೆ. ಈಗ ‘ನೋಡ್ತೀನಿ ಮಾವ’ ಅಂದು ಊಟದ ಸಾಲಿಗೆ ಹೋಗ್ತೀನಿ.

ಹಾಗೆ ನೋಡಿದರೆ ಅವರ ಲೇಔಟಿಗೂ ನನ್ನದಕ್ಕೂ ಅಷ್ಟೇನೂ ದೂರ ಇಲ್ಲ. ಎರಡೂ ಜಾಗ ಹಂಚುವ ಕೆಲಸವೇ. ಫೋನಿನ ಪರದೆಯ ಮೇಲೆ ಹೆಸರಿನ ಪಟ್ಟಿ ಎಲ್ಲಿ ಬರಬೇಕು, ಫೋಟೋ ಎಡಕ್ಕಾ ಬಲಕ್ಕಾ, ‘ಮುಂದೆ’ ಅನ್ನೋ ಬಟನ್ ಎಷ್ಟು ಅಗಲ, ಅಕ್ಷರಕ್ಕೂ ಅಂಚಿಗೂ ನಡುವೆ ಎಷ್ಟು ಸಂದು, ಇದನ್ನೆಲ್ಲ ಬರೆದಿಡುವ ಫೈಲಿಗೆ ನಾವು ಲೇಔಟ್ ಅಂತೀವಿ. ಯಾವುದಾದರೂ ಆ್ಯಪ್ ತೆರೆದು ಹತ್ತು ಪರದೆ ದಾಟಿ ನೋಡಿ. ಕೆಲವು ಭಾಗಗಳು ಮತ್ತೆ ಮತ್ತೆ ಬರ್ತಾವೆ. ಮೇಲಿನ ಪಟ್ಟಿ, ಕೆಳಗಿನ ಬಟನ್ನು, ವಿಳಾಸ ತುಂಬುವ ಜಾಗ. ಇವನ್ನು ಹತ್ತು ಸಲ ಬರೀಬೇಕಾ ಅಥವಾ ಒಂದೇ ಸಲ ಬರೆದು ಹತ್ತು ಕಡೆಯಿಂದ ಕರೆಯಬೇಕಾ ಅನ್ನೋದು ನಮ್ಮ ಕಸುಬಿನ ಹಳೇ ಪ್ರಶ್ನೆ. ಪುಸ್ತಕದ ಉತ್ತರ ಎಂಜಿನಿಯರಿಂಗ್ ಓದಿದ ಎಲ್ಲರಿಗೂ ಗೊತ್ತು: ಒಂದೇ ಸಲ. ಯಾಕೆ ಅಂತ ನನಗೆ ನಿಜವಾಗಿ ಅರ್ಥ ಆಗಿದ್ದು ನಮ್ಮ ಚಿಗಪ್ಪನ ಕಣದಲ್ಲಿ ಮೆಕ್ಕೆಜೋಳ ಮೊಳಕೆ ಬಂದಾಗ.

2021ರ ಸೆಪ್ಟೆಂಬರ್‌ನಲ್ಲಿ ನಾನೊಂದು ಸಣ್ಣ ಕಂಪನಿ ಸೇರಿದೆ. ರೈತರು ಮಾಲು ಸಾಗಿಸೋಕೆ ಲಾರಿ, ಟ್ರ್ಯಾಕ್ಟರ್ ಬುಕ್ ಮಾಡುವ ಆ್ಯಪ್ ಅವರದು. ನಾನು ಹೋಗುವ ಹೊತ್ತಿಗೆ ಅದರಲ್ಲಿ 41 ಪರದೆಗಳಿದ್ದವು. ಅವುಗಳಲ್ಲಿ ಏಳರಲ್ಲಿ ವಿಳಾಸ ಕೇಳುತ್ತಿದ್ದರು: ನೋಂದಣಿ, ಹೊಲದ ವಿವರ, ಬ್ಯಾಂಕ್ ವಿವರ, ಬುಕಿಂಗ್, ಮಾಲು ಇಳಿಸುವ ಜಾಗ, ಪ್ರೊಫೈಲ್ ತಿದ್ದುಪಡಿ, ದೂರು. ಜಿಲ್ಲೆ, ತಾಲೂಕು, ಊರು, ಪಿನ್‌ಕೋಡ್ ಅನ್ನೋ ನಾಲ್ಕೇ ಖಾನೆ. ಮೊದಲ ಪರದೆ ಬರೆದವರು ಚೆನ್ನಾಗೇ ಬರೆದಿದ್ದರು. ಎರಡನೆಯದನ್ನು ಬರೆದವರು ಅದನ್ನು ಕಾಪಿ ಮಾಡಿ ಅಂಟಿಸಿದರು. ಮೂರನೆಯವರು ಎರಡನೆಯವರದನ್ನು. ಶುಕ್ರವಾರ ಡೆಮೊ ಇದ್ದರೆ ಯಾರಾದರೂ ಮಾಡೋದು ಅದನ್ನೇ. ಅಂಟಿಸಿದ ದಿನ ಎಲ್ಲವೂ ಚೆನ್ನಾಗೇ ಕೆಲಸ ಮಾಡುತ್ತೆ, ಅದೇ ಅದರ ತೊಂದರೆ.

ನಮ್ಮ ಕಡೆ ಒಂದು ಮಾತಿದೆ: ಉಜ್ಜಿನಿ ಒಳಗ ನೋಡು, ಹಂಪಿ ಹೊರಗ ನೋಡು. ಈ ಆ್ಯಪ್ ಹೊರಗಿನಿಂದ ನೋಡೋಕೆ ಚೆಂದ. ಒಳಗೆ ಹೋದವರಿಗೆ ಏಳು ವಿಳಾಸ.

ಆಗ ಜಿಲ್ಲೆ ಬದಲಾಯ್ತು. 2021ರ ಫೆಬ್ರವರಿಯಲ್ಲೇ ಅಧಿಸೂಚನೆ ಆಗಿತ್ತು, ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆ ಆಯ್ತು. ರಾಜ್ಯದ 31ನೇ ಜಿಲ್ಲೆ. ಹೊಸಪೇಟೆ ಜಿಲ್ಲಾ ಕೇಂದ್ರ, ಜೊತೆಗೆ ನಮ್ಮ ಐದು ತಾಲೂಕು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಬೆಂಗಳೂರಿನ ಆಫೀಸಿನಲ್ಲಿ ಇದು ಒಂದು ಸಾಲಿನ ಕೆಲಸ. ‘ಪಟ್ಟಿಗೆ ಹೊಸ ಜಿಲ್ಲೆ ಸೇರಿಸಿ, ಆರು ತಾಲೂಕು ಅದರ ಕೆಳಗೆ ಹಾಕಿ.’

ಅದನ್ನು ಮಾಡೋಕೆ ಕೂತವರು ಕೋಡಿನಲ್ಲಿ ‘ಬಳ್ಳಾರಿ’ ಅಂತ ಹುಡುಕಿದರು. ಕೆಲವು ಪರದೆಗಳಲ್ಲಿ ಹೆಸರು ಕನ್ನಡದಲ್ಲಿತ್ತು. ಇನ್ನು ಕೆಲವರು ಇಂಗ್ಲಿಷಿನಲ್ಲಿ ಬರೆದಿದ್ದರು, ಅದರಲ್ಲೂ ಎರಡು ಜಾತಿ. 2014ರ ರಾಜ್ಯೋತ್ಸವದ ದಿನ ಸರ್ಕಾರ ಹನ್ನೆರಡು ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸಿತ್ತು, ನೆನಪಿರಬಹುದು. ‘ಬೆಲ್ಲಾರಿ’ ಅಂತ ಓದಿಸಿಕೊಳ್ಳುತ್ತಿದ್ದದ್ದು ‘ಬಳ್ಳಾರಿ’ ಆಯ್ತು, ಹಾಸ್ಪೆಟ್ ಹೋಗಿ ಹೊಸಪೇಟೆ ಬಂತು. ಆದರೆ ಹಳೇ ಸ್ಪೆಲ್ಲಿಂಗ್ ಕಲಿತ ಕೈಗಳು ಹಳೆಯದನ್ನೇ ಟೈಪ್ ಮಾಡಿರ್ತಾವೆ. ಒಂದೇ ಜಿಲ್ಲೆ, ಮೂರು ವೇಷ. ಹುಡುಕಿದವರ ಕಣ್ಣಿಗೆ ಐದು ಪರದೆ ಸಿಕ್ಕವು, ಐದನ್ನು ತಿದ್ದಿದರು. ಬುಕಿಂಗ್ ಮತ್ತು ದೂರು, ಈ ಎರಡು ಉಳಿದುಕೊಂಡವು.

ನಮ್ಮ ಚಿಗಪ್ಪನ ಹೊಲ ಹಗರಿಬೊಮ್ಮನಹಳ್ಳಿ ತಾಲೂಕಿನಲ್ಲಿ. ಮಗ ಕೆಲಸ ಮಾಡುವ ಕಂಪನಿ ಅಂತ ಅಭಿಮಾನದಿಂದ ಆ್ಯಪ್ ಹಾಕಿಕೊಂಡಿದ್ದರು (ಅಣ್ಣನ ಮಗ ಅವರ ಲೆಕ್ಕದಲ್ಲಿ ಮಗನೇ). ನೋಂದಣಿಯಲ್ಲಿ ‘ವಿಜಯನಗರ’ ಇತ್ತು, ಒತ್ತಿದರು. ಮೆಕ್ಕೆಜೋಳ ಒಕ್ಕಿ ಕಣದಲ್ಲಿ ರಾಶಿ ಹಾಕಿ, ದಾವಣಗೆರೆಗೆ ಕಳಿಸೋಕೆ ಗಾಡಿ ಬುಕ್ ಮಾಡಲು ಹೋದರೆ, ಅಲ್ಲಿ ವಿಜಯನಗರವೇ ಇಲ್ಲ. ಬಳ್ಳಾರಿ ಒತ್ತಿದರೆ ‘ವಿಳಾಸ ಹೊಂದಿಕೆಯಾಗುತ್ತಿಲ್ಲ’ ಅಂತ ಕೆಂಪು ಅಕ್ಷರ. ದೂರು ಕೊಡೋಣ ಅಂದ್ರೆ ಅಲ್ಲೂ ಅದೇ ಕೆಂಪು ಅಕ್ಷರ. ಮೂರು ದಿನ ಹೀಗೇ ಹೋಯ್ತು. ಆ ನವೆಂಬರ್ ಮಳೆ ಹೇಗಿತ್ತು ಅಂತ ರಾಜ್ಯದ ಯಾವ ರೈತನನ್ನು ಕೇಳಿದರೂ ಹೇಳ್ತಾನೆ. ತಾಡಪಾಲು ಮುಚ್ಚಿದ್ದರೂ ರಾಶಿಯ ಬುಡಕ್ಕೆ ನೀರು ಹೊಕ್ಕಿತು. ಕ್ವಿಂಟಲಿಗೆ ಎಷ್ಟು ಕಡಿಮೆ ಸಿಕ್ಕಿತು ಅನ್ನೋದನ್ನು ಅವರು ಇವತ್ತಿಗೂ ನನಗೆ ಹೇಳಿಲ್ಲ. ‘ನಿಮ್ ಆ್ಯಪಿಗೆ ನಮ್ಮ ಜಿಲ್ಲಾ ಯಾವ್ದು ಅಂತ ಇನ್ನೂ ಗೊತ್ತಿಲ್ಲೇನಪಾ?’ ಅಂತ ಒಂದು ಮಾತು ಕೇಳಿದ್ದು ಅಷ್ಟೇ.

ಇದನ್ನು ಬರೀ ಒಂದು ಕಂಪನಿಯ ಎಡವಟ್ಟು ಅಂತ ಬಿಟ್ಟುಬಿಡಬಹುದಿತ್ತು. ಆದರೆ ನಮ್ಮ ಸೀಮೆಯ ವಿಳಾಸ ಒಂದೇ ಸಲ ಬದಲಾಗಿದ್ದಲ್ಲ. 1950ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಒಬ್ಬ ಅಜ್ಜನನ್ನು ಊಹಿಸಿಕೊಳ್ಳಿ. ಹುಟ್ಟಿದಾಗ ಅವರು ಮದ್ರಾಸ್ ರಾಜ್ಯದವರು. 1953ರ ಅಕ್ಟೋಬರ್ 1ರಿಂದ ಮೈಸೂರು ರಾಜ್ಯದವರು, 1973ರಿಂದ ಕರ್ನಾಟಕದವರು. ಜಿಲ್ಲೆ ಮೊದಲು ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಅಜ್ಜ ಮಾತ್ರ ಅದೇ ಮನೆ, ಅದೇ ಕಟ್ಟೆ. ಕೊಟ್ಟೂರಿನ ಕಥೆಯೂ ಹಾಗೇ, ಮೊದಲು ಕೂಡ್ಲಿಗಿ ತಾಲೂಕಿನ ಒಂದು ಊರು, ಈಗ ತಾನೇ ತಾಲೂಕು. ಇಷ್ಟರ ನಡುವೆ ಅಲುಗಾಡದೆ ನಿಂತಿದ್ದು ಅಂಚೆಯವರ ಪಿನ್‌ಕೋಡು ಒಂದೇ. ನಮ್ಮ ಐದೂ ಊರುಗಳದು 583ರಿಂದಲೇ ಶುರು, ಹರಪನಹಳ್ಳಿಯದೂ ಸೇರಿ. ವಿಳಾಸ ಬದಲಾಗೋದೇ ಇಲ್ಲ ಅಂದುಕೊಂಡು ಅದನ್ನು ಏಳು ಕಡೆ ಬರೆದಿಡುವವರು ಒಂದು ಸಲ ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಕೂತು ಯಾರಾದರೂ ಹಿರಿಯರ ಹತ್ತಿರ ಹಳೇ ಕಾಗದಪತ್ರ ತೋರಿಸಿ ಅಂತ ಕೇಳಬೇಕು.

ಸರಿ, ನನಗೆ ಸಿಕ್ಕ ಕೆಲಸ ಆ ಏಳನ್ನು ಒಂದು ಮಾಡೋದು. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಮೊದಲಿನಿಂದಲೂ ಸರಳ ದಾರಿ ಇದೆ. ವಿಳಾಸದ ಭಾಗವನ್ನು ಮಾತ್ರ ಒಂದು ಪ್ರತ್ಯೇಕ ಲೇಔಟ್ ಫೈಲಿನಲ್ಲಿ ಬರೆದಿಟ್ಟು, ಬೇಕಾದ ಪರದೆಯಲ್ಲಿ ‘ಇನ್‌ಕ್ಲೂಡ್’ ಅನ್ನೋ ಒಂದು ಸಾಲು ಹಾಕಿದರೆ ಅದು ಅಲ್ಲಿ ಬಂದು ಕೂರುತ್ತೆ. ಮೂಲ ಫೈಲಿನಲ್ಲಿ ತಿದ್ದಿದರೆ ಏಳೂ ಕಡೆ ತಿದ್ದಿದ ಹಾಗೆ. ಒಂದು ಎಚ್ಚರ ಬೇಕು: ಹೀಗೆ ಕರೆಸಿದ ತುಂಡು ತನ್ನ ಹೊರಡಬ್ಬಿಯನ್ನೂ ಹೊತ್ತುಕೊಂಡು ಬರುತ್ತೆ. ಅಂಗಡಿಯವನು ಬೇಳೆ ಪ್ಯಾಕೆಟನ್ನು ಒಂದು ಕವರಿಗೆ ಹಾಕಿ, ಆ ಕವರನ್ನು ಇನ್ನೊಂದು ಕವರಿಗೆ ಹಾಕಿ ಕೊಡ್ತಾನಲ್ಲ, ಹಾಗೆ. ಡಬ್ಬಿಯೊಳಗೆ ಡಬ್ಬಿ ಹೆಚ್ಚಾದಷ್ಟೂ ಕಡಿಮೆ ಬೆಲೆಯ ಫೋನು ಪರದೆ ಬಿಡಿಸೋಕೆ ತಿಣುಕುತ್ತೆ. ‘ಮರ್ಜ್’ ಅಂತ ಹೊರಗಡೆ ಬರೆದರೆ ಆ ಹೆಚ್ಚುವರಿ ಕವರ್ ಕಳಚುತ್ತೆ, ಒಳಗಿನ ಖಾನೆಗಳು ನೇರವಾಗಿ ಪರದೆಗೆ ಸೇರುತ್ತವೆ. ಯಾವಾಗಲೋ ಒಮ್ಮೆ ಬೇಕಾಗುವ ಭಾಗಕ್ಕೆ, ಉದಾಹರಣೆಗೆ ‘ನೆಟ್‌ವರ್ಕ್ ಇಲ್ಲ’ ಅನ್ನೋ ಫಲಕಕ್ಕೆ, ‘ವ್ಯೂಸ್ಟಬ್’ ಇದೆ. ಬೇಕು ಅಂದಾಗ ಮಾತ್ರ ಅದು ತೆರೆದುಕೊಳ್ಳುತ್ತೆ, ಅಲ್ಲಿವರೆಗೆ ಜಾಗವನ್ನೂ ತಿನ್ನಲ್ಲ, ಹೊತ್ತನ್ನೂ ತಿನ್ನಲ್ಲ. ಹೊಲದಲ್ಲಿ ನಿಂತು ಫೋನ್ ನೋಡುವವರ ಆ್ಯಪಿಗೆ ಇದು ಬೇಕೇ ಬೇಕು.

ಕಸುಬಿನವರಿಗೆ ಮಾತ್ರ ಒಂದು ಸಣ್ಣ ಮಾತು, ಬೇರೆಯವರು ಹಾರಿಸಿ ಓದಬಹುದು. ಇನ್‌ಕ್ಲೂಡ್ ಸಾಲಿನಲ್ಲಿ ಅಂಚು, ಜಾಗ ಬದಲಿಸಬೇಕಿದ್ದರೆ ಅಗಲ ಎತ್ತರ ಎರಡನ್ನೂ ಅಲ್ಲೇ ಮತ್ತೆ ಬರೀಬೇಕು, ಇಲ್ಲದಿದ್ದರೆ ನೀವು ಬರೆದದ್ದಕ್ಕೆ ಕಿಮ್ಮತ್ತಿಲ್ಲ. ಮತ್ತೆ ಒಂದೇ ಪರದೆಗೆ ಒಂದೇ ತುಂಡನ್ನು ಎರಡು ಸಲ ಕರೆದರೆ, ನಮ್ಮಲ್ಲಿ ಮಾಲು ಹತ್ತಿಸುವ ಜಾಗ ಮತ್ತು ಇಳಿಸುವ ಜಾಗ ಇದ್ದ ಹಾಗೆ, ಎರಡಕ್ಕೂ ಬೇರೆ ಬೇರೆ ಐಡಿ ಕೊಡಿ. ಇನ್‌ಕ್ಲೂಡ್ ಹಂಚೋದು ಆಕಾರವನ್ನು ಮಾತ್ರ. ಜಿಲ್ಲೆ ತಾಲೂಕುಗಳ ಹೆಸರಿನ ಪಟ್ಟಿಯನ್ನೂ ಒಂದೇ ಕಡೆ ಇಡದಿದ್ದರೆ ಚಿಗಪ್ಪನ ಕಥೆ ಮತ್ತೆ ಆಗುತ್ತೆ.

ಏಳು ಒಂದಾದವು. ಅಲ್ಲ, ಆರು ಒಂದಾದವು. ಏಳನೆಯದರ ಕಥೆ ಆಮೇಲೆ. ಅಸಲಿ ಕೆಲಸ ಶುರುವಾಗಿದ್ದು ಅಲ್ಲಿಂದ. ಏಳು ಕಡೆ ಬೇರೆ ಬೇರೆ ಇದ್ದಾಗ ಏಳು ಥರದ ಸಣ್ಣ ತಪ್ಪುಗಳಿದ್ದವು. ಒಂದೇ ಆದಮೇಲೆ ಇರುವ ಒಂದು ತಪ್ಪು ಎಲ್ಲಾ ಕಡೆ ಕಾಣುತ್ತೆ. ಹಂಚಿಕೊಂಡ ಡಬ್ಬಿ ಯಾರ ಅಳತೆಗೆ ಹೊಲಿಯಬೇಕು ಅನ್ನೋ ಪ್ರಶ್ನೆ ಆಗ ಬರೋದು.

ನಮ್ಮ ಡಿಸೈನರ್ ಒಳ್ಳೇ ಕೆಲಸಗಾರ್ತಿ. ತಾಲೂಕಿನ ಖಾನೆಯ ಅಳತೆ ಹಾಕುವಾಗ ಇಂಗ್ಲಿಷಿನಲ್ಲಿ ‘ಕೊಟ್ಟೂರು’ ಬರೆದು ನೋಡಿದ್ದರು. ಆರಾಮಾಗಿ ಕೂತಿತ್ತು. ಮುಂದಿನ ವಾರ ಹಗರಿಬೊಮ್ಮನಹಳ್ಳಿ ಬಂತು. ಇಂಗ್ಲಿಷಿನಲ್ಲಿ 18 ಅಕ್ಷರ. ಕನ್ನಡದಲ್ಲಿ ನಾವು ಎಣಿಸಿದರೆ 8, ಆದರೆ ಕಂಪ್ಯೂಟರ್ ಗುಣಿತ, ಒತ್ತು, ವಿರಾಮ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತೆ, ಅದರ ಲೆಕ್ಕ 15. ‘12ಕ್ಕಿಂತ ಹೆಚ್ಚು ಬೇಡ’ ಅಂತ ಯಾರೋ ಹಿಂದೆ ಕಟ್ಟು ಹಾಕಿದ್ದರು. ಊರು ‘ಹಗರಿಬೊಮ್ಮನಹಳ’ ಆಗಿ ನಿಂತಿತು. ಹಳ್ಳಿಯೂ ಅಲ್ಲ, ಹಳ್ಳವೂ ಅಲ್ಲ.

‘ಎಚ್.ಬಿ. ಹಳ್ಳಿ ಅಂತ ಹಾಕಿಬಿಡೋಣ, ಎಲ್ಲರೂ ಹಾಗೇ ಅಂತಾರಲ್ವಾ?’ ಅಂತ ಮೀಟಿಂಗಿನಲ್ಲಿ ಒಬ್ಬರು ಕೇಳಿದರು. ಹೌದು, ಅಂತೀವಿ. ಪೇಪರಿನವರು ‘ಹ.ಬೊ. ಹಳ್ಳಿ’ ಅಂತ ಬರೀತಾರೆ. ಆದರೆ ನಾವು ನಮ್ಮೂರನ್ನು ಪ್ರೀತಿಯಿಂದಲೋ ಅವಸರದಿಂದಲೋ ಮೊಟಕು ಮಾಡೋದು ಬೇರೆ, ಡಬ್ಬಿ ಸಣ್ಣದಾಯ್ತು ಅಂತ ಬೇರೆಯವರು ಮೊಟಕು ಮಾಡೋದು ಬೇರೆ. ಪಹಣಿಯಲ್ಲಿ ಪೂರ್ತಿ ಹೆಸರಿರುತ್ತೆ. ಆ್ಯಪಿನಲ್ಲಿ ಇನ್ನೊಂದು ಥರ ಕಂಡರೆ ನಮ್ಮ ಜನ ‘ಇದು ನಮ್ದಲ್ಲ ಬಿಡು’ ಅಂತ ವಾಪಸ್ ಬರ್ತಾರೆ. ಕೊನೆಗೆ ತಾಲೂಕಿನ ಖಾನೆ ಎರಡು ಸಾಲಿಗೆ ಬೆಳೆಯುವ ಹಾಗೆ ಮಾಡಿದೆವು. ಅವತ್ತಿನಿಂದ ನಮ್ಮ ಟೀಮಿನಲ್ಲಿ ಯಾವ ಹೊಸ ಖಾನೆ ಮಾಡಿದರೂ ಮೊದಲು ಅದರಲ್ಲಿ ಹಗರಿಬೊಮ್ಮನಹಳ್ಳಿ ಬರೆದು ನೋಡ್ತಾರೆ. ಕೇರಳದ ಹುಡುಗನೊಬ್ಬ ಅದನ್ನು ಉಸಿರು ಬಿಡದೆ ಹೇಳೋದನ್ನೂ ಕಲಿತಿದ್ದಾನೆ.

ಅಗಲದ ಕಥೆ ಮುಗೀತು ಅಂದರೆ ಎತ್ತರದ್ದು ಬಂತು. ಟೆಸ್ಟಿಂಗ್ ಮಾಡುವವರು ಕನ್ನಡದಲ್ಲಿ ಹಡಗಲಿ ಹಾಕಿ ನೋಡಿ ‘ಸರಿ ಇದೆ’ ಅಂದಿದ್ದರು. ಸರಿಯಾಗೇ ಇತ್ತು. ಯಾಕಂದ್ರೆ ನಮ್ಮ ಐದು ಊರುಗಳಲ್ಲಿ ಒತ್ತಕ್ಷರ ಇಲ್ಲದ್ದು ಹಡಗಲಿ ಒಂದೇ. ಕೂಡ್ಲಿಗಿಗೆ ಡಕಾರದ ಕೆಳಗೆ ಲ ಒತ್ತು, ಕೊಟ್ಟೂರಿಗೆ ಟ ಒತ್ತು, ಹರಪನಹಳ್ಳಿಗೆ ಳ ಒತ್ತು, ಹಗರಿಬೊಮ್ಮನಹಳ್ಳಿಗೆ ಎರಡೆರಡು. ಇಂಗ್ಲಿಷ್ ಅಕ್ಷರದ ಎತ್ತರ ನೋಡಿ ಖಾನೆಗೆ ಇಷ್ಟೇ ಎತ್ತರ ಅಂತ ಗೆರೆ ಹಾಕಿದರೆ, ಕೆಳಗಿನ ಒತ್ತು ಗೆರೆಯಿಂದ ಹೊರಗೆ ಬಿದ್ದು ಕತ್ತರಿಸಿ ಹೋಗುತ್ತೆ. ಕೊಟ್ಟೂರು ಕೊಟೂರು ಆಗುತ್ತೆ. ಅಂಗೈಯಗಲದ ಪರದೆಯಲ್ಲಿ ಒಂದು ಸಣ್ಣ ಬಾಲ ಕಡಿದುಹೋದದ್ದು ಬೆಂಗಳೂರಿನ ಎಸಿ ರೂಮಿನಲ್ಲಿ ಯಾರಿಗೂ ಕಾಣಲ್ಲ. ಕೊಟ್ಟೂರಿನವರಿಗೆ ತಕ್ಷಣ ಕಾಣುತ್ತೆ.

ಇದನ್ನು ಸೋದರಮಾವನ ಹತ್ತಿರ ಹೇಳಿಕೊಂಡೆ. ಮಾವ ಹಿಂದೆ ಕೊಟ್ಟೂರಿನ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಮದುವೆ ಕಾರ್ಡು, ಜಾತ್ರೆ ಪಾಂಪ್ಲೆಟ್ಟು, ಹಳ್ಳಿ ಹುಡುಗರ ನಾಟಕದ ಕರಪತ್ರ. ಅವರು ನಕ್ಕರು.

‘ನಿಂದು ಈಗಿನ ರೋಗ ಅಲ್ಲಲೇ ಅದು. ನಮ್ಮಲ್ಲಿ ಒತ್ತಿನ ಮೊಳಿ ಬ್ಯಾರೇನ ಇರ್ತಿತ್ತು. ಸಾಲಿಗೆ ಸಾಲು ಒತ್ತಿ ಕೂಡ್ಸಿದ್ರ ಮ್ಯಾಲಿನ ಒತ್ತು ಕೆಳಗಿನ ಗುಡಿಸಿಗೆ ಬಡೀತಿತ್ತು. ಅದಕ್ಕ ನಡುವ ಸೀಸದ ಪಟ್ಟಿ ಇಡ್ತಿದ್ವಿ. ಲೆಡ್ಡು ಅಂತಿದ್ವಿ ಅದಕ್ಕ. ಕನ್ನಡಕ್ಕ ಒಂದು ಪಟ್ಟಿ ಜಾಸ್ತಿ.’

ಕನ್ನಡಕ್ಕೆ ಒಂದು ಪಟ್ಟಿ ಜಾಸ್ತಿ. ಗೂಗಲ್‌ನವರೂ ಸುತ್ತಿ ಬಳಸಿ ಅಲ್ಲಿಗೇ ಬಂದಿದ್ದಾರೆ. ಆಂಡ್ರಾಯ್ಡ್‌ನಲ್ಲಿ ಕನ್ನಡ ಅಕ್ಷರ ಕಾಣೋಕೆ ಅಂತ ಅಧಿಕೃತವಾಗಿ ಶುರುವಾದದ್ದೇ 2012ರ 4.1ನೇ ಆವೃತ್ತಿಯಲ್ಲಿ, ಅದಕ್ಕೂ ಮೊದಲು ಫೋನಿನಲ್ಲಿ ಖಾಲಿ ಚೌಕಗಳನ್ನು ನೋಡಿದ ನೆನಪು ನಮ್ಮ ವಯಸ್ಸಿನವರಿಗೆಲ್ಲ ಇರುತ್ತೆ. 2018ರ 9ನೇ ಆವೃತ್ತಿಯಲ್ಲಿ, ಸಾಲಿನ ಎತ್ತರ ಲೆಕ್ಕ ಹಾಕುವಾಗ ನಿಜವಾಗಿ ಬಳಕೆಯಾಗುವ ಫಾಂಟಿನ ಎತ್ತರವನ್ನೂ ಗಮನಿಸು ಅಂತ ಹೇಳುವ ಅವಕಾಶ ಕೊಟ್ಟರು. ಹಳೇ ಫೋನುಗಳಿಗೆ ಅದೂ ಇಲ್ಲ. ಅಲ್ಲಿ ಮಾವನ ದಾರಿಯೇ ಗತಿ: ಖಾನೆಗೆ ಎತ್ತರ ಕಟ್ಟಿಹಾಕಬೇಡಿ, ಕನಿಷ್ಠ ಇಷ್ಟು ಅಂತ ಹೇಳಿ ಬಿಡಿ, ಬೇಕಾದರೆ ಬೆಳೆಯಲಿ.

ಬೆಳೆಯೋದು ಬರೀ ಒತ್ತಿಗಾಗಿ ಅಲ್ಲ. ನಮ್ಮಪ್ಪನ ಫೋನಿನಲ್ಲಿ ಅಕ್ಷರ ಅವರೆಕಾಳಿನಷ್ಟಿವೆ. ಕನ್ನಡಕ ಹುಡುಕೋ ಬದಲು ಅಕ್ಷರವನ್ನೇ ದೊಡ್ಡದು ಮಾಡಿಕೊಂಡಿದ್ದಾರೆ. 2023ರ ಆಂಡ್ರಾಯ್ಡ್ 14ರಲ್ಲಿ ಅಕ್ಷರವನ್ನು ಶೇ. 200ರವರೆಗೆ ಹಿಗ್ಗಿಸಬಹುದು. ಅವರ ಫೋನಿನಲ್ಲಿ ನಾನಾ ಆ್ಯಪ್‌ಗಳ ಬಟನ್ ಮೇಲಿನ ಪದಗಳು ಅರ್ಧಕ್ಕೇ ನಿಂತಿವೆ. ‘ಪಾವತಿಸಿ’ ಇರೋ ಕಡೆ ‘ಪಾವತಿ’ ಕಂಡರೆ ದುಡ್ಡು ಆಗಲೇ ಹೋಯ್ತಾ, ಇನ್ನು ಕಳಿಸಬೇಕಾ ಅಂತ ನನಗೆ ಫೋನ್ ಮಾಡ್ತಾರೆ. ಅವರು ಕೇಳೋದರಲ್ಲಿ ನ್ಯಾಯ ಇದೆ.

ಹಂಚಿಕೊಂಡ ಲೇಔಟಿನಿಂದ ಎಂಜಿನಿಯರಿಗೆ ಕೆಲಸ ಉಳಿಯುತ್ತೆ ಅಂತ ಕಾಲೇಜಿನಲ್ಲಿ ಹೇಳಿಕೊಡ್ತಾರೆ. ಉಳಿಯುತ್ತೆ, ಸುಳ್ಳಲ್ಲ. ಆದರೆ ಹೆಚ್ಚು ಉಳಿಯೋದು ಬಳಸುವವರದು. ಚಿಗವ್ವ ನಾಲ್ಕನೇ ಕ್ಲಾಸು. ಓದೋಕೆ ಬರುತ್ತೆ, ಆದರೆ ಫೋನಿನಲ್ಲಿ ಅವರು ಓದೋದಿಲ್ಲ, ಜಾಗ ನೆನಪಿಟ್ಟುಕೊಳ್ತಾರೆ. ಕತ್ತಲಲ್ಲೂ ಅಡುಗೆಮನೆಯ ಉಪ್ಪಿನ ಡಬ್ಬಿಗೆ ಕೈ ಹೋಗುತ್ತಲ್ಲ, ಹಾಗೆ. ‘ಬಲಕ್ಕಿರೋದು ಮುಂದಕ್ಕ, ಎಡಕ್ಕಿರೋದು ಹಿಂದಕ್ಕ’ ಅಂತ ಅವರ ಸೂತ್ರ. ಹಳೇ ಆ್ಯಪಿನಲ್ಲಿ ಎಂಟು ಪರದೆ ಈ ಸೂತ್ರಕ್ಕೆ ಸರಿಯಾಗಿದ್ದು, ಒಂಬತ್ತನೆಯದರಲ್ಲಿ ಬಲಕ್ಕೆ ‘ರದ್ದು’ ಇತ್ತು. ಬೇರೆ ಯಾರೋ ಬೇರೆ ದಿನ ಬರೆದ ಪರದೆ. ಶೇಂಗಾ ಸಾಗಿಸೋಕೆ ಬುಕ್ ಮಾಡಿದ್ದ ಟ್ರ್ಯಾಕ್ಟರನ್ನು ಚಿಗವ್ವ ಎರಡು ಸಲ ತಾವೇ ರದ್ದು ಮಾಡಿ, ಬರದ ಗಾಡಿಗೆ ದಾರಿ ಕಾಯುತ್ತಾ ಕೂತಿದ್ದರು. ಕೆಳಗಿನ ಬಟನ್ ಪಟ್ಟಿಯನ್ನು ಒಂದೇ ತುಂಡು ಮಾಡಿ 41 ಪರದೆಗೂ ಅದನ್ನೇ ಕರೆಸಿದ ಮೇಲೆ, ಅವರಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಬದಲಾಗಿದೆ ಅನ್ನೋದೇ ಅವರಿಗೆ ಗೊತ್ತಾಗಲಿಲ್ಲ. ನನ್ನ ಕೆಲಸದಲ್ಲಿ ಇಷ್ಟು ಸಮಾಧಾನ ಕೊಟ್ಟದ್ದು ಇನ್ನೊಂದಿಲ್ಲ.

ಹಾಗಂತ ಕಂಡಕಂಡದ್ದನ್ನೆಲ್ಲ ಒಂದು ಮಾಡೋ ಚಟ ಇದೆಯಲ್ಲ, ಅದೂ ಒಳ್ಳೇದಲ್ಲ. ಹೊಸದಾಗಿ ಸೇರಿದ ಹುಡುಗರಿಗೆ ಇದು ಬೇಗ ಹತ್ತುತ್ತೆ. ನಮ್ಮಲ್ಲಿ ಬೆಳೆಗಳ ಪಟ್ಟಿ, ಗಾಡಿಗಳ ಪಟ್ಟಿ ಅಂತ ಎರಡಿದ್ದವು. ಎರಡರಲ್ಲೂ ಎಡಕ್ಕೆ ಫೋಟೋ, ನಡುವೆ ಎರಡು ಸಾಲು, ಬಲಕ್ಕೆ ರೇಟು. ‘ಒಂದೇ ಥರ ಇವೆ, ಒಂದೇ ತುಂಡು ಮಾಡೋಣ’ ಅಂತ ಒಬ್ಬ ಹಟ ಹಿಡಿದ. ನಾನು ಬೇಡ ಅಂದೆ. ಈಗ ಒಂದೇ ಥರ ಕಾಣೋದು ಕಾಕತಾಳೀಯ. ನಾಳೆ ಬೆಳೆಗೆ ತೇವಾಂಶ ತೋರಿಸು ಅಂತಾರೆ, ಗಾಡಿಗೆ ಡ್ರೈವರ್ ನಂಬರ್ ತೋರಿಸು ಅಂತಾರೆ. ಆಗ ತುಂಡಿನೊಳಗೆ ‘ಬೆಳೆಯಾದರೆ ಹೀಗೆ, ಗಾಡಿಯಾದರೆ ಹಾಗೆ’ ಅಂತ ಷರತ್ತು ಸೇರಿಸ್ತಾ ಹೋಗ್ತೀವಿ. ಕೂಡು ಕುಟುಂಬದ ಅಡುಗೆಮನೆ ನೋಡಿದವರಿಗೆ ಇದು ಗೊತ್ತು. ಅಜ್ಜನಿಗೆ ಉಪ್ಪಿಲ್ಲದ್ದು, ದೊಡ್ಡಪ್ಪನಿಗೆ ಖಾರ ಇಲ್ಲದ್ದು, ಹುಡುಗರಿಗೆ ಬೆಳ್ಳುಳ್ಳಿ ಬೇಡ. ಒಂದೇ ಒಲೆ ಅಂತ ಹೆಸರು, ಮಾಡೋದು ಐದು ಸಾರು. ಅದಕ್ಕಿಂತ ಒಲೆ ಬೇರೆ ಮಾಡಿಕೊಂಡು ಹಬ್ಬಕ್ಕೆ ಕೂಡೋದು ವಾಸಿ. ನಾನು ನೋಡೋದು ಒಂದೇ: ಎರಡು ಭಾಗ ಒಂದೇ ಕಾರಣಕ್ಕೆ ಬದಲಾಗ್ತಾವಾ? ಜಿಲ್ಲೆ ಬದಲಾದರೆ ಏಳೂ ವಿಳಾಸ ಬದಲಾಗಲೇಬೇಕು, ಹಾಗಾಗಿ ಅವು ಒಂದೇ ಮನೆಯವು. ಬೆಳೆಗೂ ಗಾಡಿಗೂ ಅಂಥ ನೆಂಟಸ್ತಿಕೆ ಇಲ್ಲ.

ಏಳನೆಯ ಪರದೆ, ಅಂದರೆ ದೂರಿನದು, ಇನ್ನೂ ಹಳೆಯದೇ. ಅದರ ಪಟ್ಟಿ ತಿದ್ದಿದೆ, ವಿಜಯನಗರ ಬಂದಿದೆ, ಆದರೆ ಅದನ್ನು ಬೇರೆ ಟೀಮು ನೋಡಿಕೊಳ್ಳುತ್ತೆ, ಅವರದು ಬೇರೆ ಗಡುವು. ಈಗ ನಾವು ಹಳೇ ಲೇಔಟ್ ಫೈಲುಗಳನ್ನು ಬಿಟ್ಟು ನಿಧಾನವಾಗಿ ‘ಜೆಟ್‌ಪ್ಯಾಕ್ ಕಂಪೋಸ್’ ಕಡೆ ಹೋಗ್ತಾ ಇದ್ದೀವಿ. 2021ರ ಜುಲೈಯಲ್ಲಿ ಅದರ 1.0 ಆವೃತ್ತಿ ಬಂತು. ಅಲ್ಲಿ ಇನ್‌ಕ್ಲೂಡೂ ಇಲ್ಲ, ಮರ್ಜೂ ಇಲ್ಲ. ವಿಳಾಸದ ಭಾಗ ಒಂದು ಫಂಕ್ಷನ್, ಬೇಕಾದ ಕಡೆ ಹೆಸರು ಹಿಡಿದು ಕರೆದರೆ ಆಯ್ತು. ಫ್ಲಟರ್ ಬಳಸುವ ಗೆಳೆಯರು ಇದನ್ನು ವಿಜೆಟ್ ಅಂತಾರೆ, ರಿಯಾಕ್ಟ್ ನೇಟಿವ್‌ನವರು ಕಾಂಪೊನೆಂಟ್ ಅಂತಾರೆ. ಹೆಸರು ಕೇಳಿ ಮಾವನಿಗೆ ಖುಷಿಯೋ ಖುಷಿ. ‘ಕಂಪೋಸ್ ಅಂದ್ರ ನಮ್ದಽ ಕೆಲಸ. ನಾಟಕದ ಕರಪತ್ರಕ್ಕ ತಲಿಗೆ ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ ಅಂತ ಒಂದ್ ಸಲ ಕಂಪೋಸ್ ಮಾಡಿ ದಾರ ಕಟ್ಟಿ ಇಟ್ರ ಮುಗೀತು. ಬಿಚ್ಚತಾನಽ ಇರ್ಲಿಲ್ಲ. ಕೆಳಗ ಊರು, ನಾಟಕ, ಪಾತ್ರಧಾರಿಗಳ ಹೆಸರು, ಅಷ್ಟಽ ಬದ್ಲಿ.’ ಹಡಗಲಿ ಕಡೆಯವರು ಬಂದು ಮೈಲಾರಲಿಂಗನ ಹೆಸರು ಬೇಕು ಅಂದರೆ ಏನು ಮಾಡ್ತಿದ್ರಿ ಅಂತ ಕೇಳಿದೆ. ‘ಅದಕ್ಕ ಬ್ಯಾರೆ ಒಂದು ಕಟ್ಟಿ ಇಟ್ಟಿದ್ವಿ’ ಅಂದರು. ನಮ್ಮ ಹೊಸ ಹುಡುಗನಿಗೆ ನಾನು ಅರ್ಧ ಗಂಟೆ ಬೋರ್ಡ್ ಮೇಲೆ ಬರೆದು ಹೇಳಿದ್ದು ಇದನ್ನೇ.

ಚಿಗಪ್ಪ ಈ ವರ್ಷವೂ ಮೆಕ್ಕೆಜೋಳ ಹಾಕಿದ್ದಾರೆ. ಆ್ಯಪನ್ನು 2021ರಲ್ಲೇ ಫೋನಿನಿಂದ ತೆಗೆದವರು ಮತ್ತೆ ಹಾಕಿಕೊಂಡಿಲ್ಲ, ಗಾಡಿ ಬೇಕಾದರೆ ಪರಿಚಯದ ಟ್ರ್ಯಾಕ್ಟರಿನವನಿಗೆ ಫೋನ್ ಹಚ್ಚುತ್ತಾರೆ. ಚಿಗವ್ವ ಮಾತ್ರ ಆ್ಯಪಿನಲ್ಲೇ ಮಾಡೋದು. ಹೋದ ಸುಗ್ಗಿಯಲ್ಲಿ ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ಬುಕ್ ಮಾಡಿ, ಒಂದೇ ಬೆಳಿಗ್ಗೆ ಕಣದ ಮುಂದೆ ಎರಡು ಗಾಡಿ ಬಂದು ನಿಂತಿದ್ದವು. ಯಾವುದನ್ನು ವಾಪಸ್ ಕಳಿಸಬೇಕು ಅಂತ ಮಧ್ಯಾಹ್ನದವರೆಗೂ ತೀರ್ಮಾನ ಆಗಿರಲಿಲ್ಲವಂತೆ.